ನನ್ನ ಶುಗರ್ ಮಾತ್ರೆಗಳು ಮತ್ತು ನಾನು

ನನಗಿರುವುದು ಟೈಪ್ 2 ಡಯಾಬಿಟಿಸ್. ಡಾಕ್ಟರು ಹೊಸ ಮಾತ್ರೆ ಬರೆದಾಗಲೆಲ್ಲ ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ: ಇದು ಮೈಯಲ್ಲಿ ಎಲ್ಲಿ ಕೆಲಸ ಮಾಡುತ್ತೆ? ಅದು ಗೊತ್ತಾದರೆ ತೊಂದರೆ ಎಲ್ಲಿಂದ ಬರಬಹುದು ಅನ್ನೋದೂ ಅರ್ಧ ಗೊತ್ತಾದ ಹಾಗೆ.

ಮೊದಲು ಬಂದದ್ದು ಮೆಟ್‌ಫಾರ್ಮಿನ್ 500. ನಾವು ಉಪವಾಸ ಇದ್ದರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಈ ಮಾತ್ರೆ ಮುಖ್ಯವಾಗಿ ಅದನ್ನು ತಗ್ಗಿಸುತ್ತದೆ. ಇದೊಂದನ್ನೇ ತಗೊಂಡರೆ ಶುಗರ್ ತೀರಾ ಇಳಿಯುವುದು ಅಪರೂಪ. ಕಾಟವೆಲ್ಲ ಹೊಟ್ಟೆಯದು. ಶುರುವಿನಲ್ಲಿ ವಾಕರಿಕೆ, ಭೇದಿ ಎರಡೂ ಇತ್ತು. ಊಟದ ಜೊತೆಗೇ ನುಂಗತೊಡಗಿದೆ. ಡಾಕ್ಟರು ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಗೆ ಬದಲಿಸಿದರು. ಹೊಟ್ಟೆ ಹದಕ್ಕೆ ಬಂತು. ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಬಹುದು. ಪಾದ ಜುಮ್ ಅಂದರೆ ಸುಮ್ನೆ ಶುಗರ್ ಮೇಲೆ ಹಾಕಬೇಡಿ, ಬಿ12 ಕೂಡ ನೋಡಿಸಿ. ನಾನು ಕಿಡ್ನಿ ಟೆಸ್ಟ್ ಜೊತೆ ಅದನ್ನೂ ಮಾಡಿಸುತ್ತೇನೆ.

ಗ್ಲಿಮೆಪಿರೈಡ್ ಬೇರೆ ಜಾತಿ. ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಉಂಡಿದ್ದೀರೋ ಇಲ್ಲವೋ ಅದು ನೋಡುವುದಿಲ್ಲ. ಒಂದು ಮದುವೆಯಲ್ಲಿ ಪಂಕ್ತಿ ತಡವಾಯಿತು. ಬೆಳಿಗ್ಗೆ ಮಾತ್ರೆ ನುಂಗಿ ಎರಡು ಇಡ್ಲಿ ತಿಂದಿದ್ದೆ, ಅಷ್ಟೇ. ಕೈ ನಡುಗಿತು, ಕತ್ತು ಬೆವರಿತು, ಎದೆ ಡವಡವ ಅಂತು. ಗ್ಲುಕೋಮೀಟರ್ 62 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ಊಟಕ್ಕೆ ಕಾಯಬಾರದು. ಗ್ಲುಕೋಸ್ ಪುಡಿ 15 ಗ್ರಾಂ, ಅಂದರೆ ಸುಮಾರು 3 ಚಮಚ, ನೀರಿಗೆ ಹಾಕಿ ಕುಡಿದೆ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿದೆ. ಆಮೇಲೆ ಊಟ.

ಸಕ್ಕರೆ ಸಾಕಾಗ್ತಿತ್ತು ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಸಾಕಾಗುವುದಿಲ್ಲ, ಯಾಕೆಂದರೆ ವೋಗ್ಲಿಬೋಸ್ ಕೂಡ ತಗೊಳ್ಳುತ್ತೇನೆ. ಅದು ಕರುಳಿನಲ್ಲಿ ಪಿಷ್ಟ, ಸಕ್ಕರೆ ಒಡೆಯುವುದನ್ನೇ ನಿಧಾನ ಮಾಡುತ್ತದೆ (ಅದಕ್ಕೇ ಗ್ಯಾಸ್ ಜಾಸ್ತಿ). ಹಾಗಾಗಿ ಸಕ್ಕರೆ, ಬೆಲ್ಲ ಬೇಗ ರಕ್ತಕ್ಕೆ ಸೇರುವುದಿಲ್ಲ. ಗ್ಲುಕೋಸನ್ನು ಒಡೆಯುವ ಕೆಲಸವೇ ಇಲ್ಲ, ನೇರ ಸೇರುತ್ತದೆ. ಮಾತ್ರೆ ಕೊಡುವಾಗ ಇದನ್ನು ಪ್ರತಿಯೊಬ್ಬರಿಗೂ ಹೇಳಬೇಕು. ನಾನಂತೂ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಮದುವೆಯ ದಿನದ ರೀಡಿಂಗ್ ನೋಡಿ ಡಾಕ್ಟರು ಗ್ಲಿಮೆಪಿರೈಡ್ ಅರ್ಧಕ್ಕಿಳಿಸಿ ಡಪಾಗ್ಲಿಫ್ಲೋಜಿನ್ ಸೇರಿಸಿದರು. ಇದರ ಕೆಲಸ ಕಿಡ್ನಿಯಲ್ಲಿ. ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುತ್ತದೆ. ಅದರಿಂದಲೇ ಕೆಳಗೆ ಫಂಗಸ್, ತುರಿಕೆ ಬರಬಹುದು. ನೀರು ಚೆನ್ನಾಗಿ ಕುಡಿಯುತ್ತೇನೆ, ಸ್ವಚ್ಛ ಇಟ್ಟುಕೊಳ್ಳುತ್ತೇನೆ. ವಾಂತಿಯಾಗಿ ಏನೂ ತಿನ್ನಲಾಗದ ದಿನ, ಆಪರೇಷನ್‌ಗೆ ಮುಂಚೆ, ಈ ಮಾತ್ರೆ ನಿಲ್ಲಿಸಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ. ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ (ಮೈ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಆಮ್ಲ) ಏರುವ ಅಪಾಯ ಇದರಲ್ಲಿದೆ. ಆಗ ಗ್ಲುಕೋಮೀಟರ್ ಒಂದನ್ನೇ ನಂಬಿ ಕೂರುವಂತಿಲ್ಲ.