ಗೊತ್ತಿದ್ದ ಕೈ, ಗೊತ್ತಿಲ್ಲದ ಟ್ರ್ಯಾಕ್ಟರ್

ನನ್ನ ತಮ್ಮನ ಎಡಗಾಲು ಇವತ್ತಿಗೂ ನೆಟ್ಟಗಿದೆ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ಒಂದು ಗೇಣು ಜಾಗದ ಪುಣ್ಯ ಅಷ್ಟೇ.

ಸೇಡಂ ಕಡೆಯ ರೈತರೊಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದು ಅವತ್ತಿಗೆ ಮೂರನೇ ದಿನ. ಚಿತ್ತಾಪುರ ತಾಲ್ಲೂಕಿನ ನಮ್ಮೂರಲ್ಲಿ, ಮನೆ ಮುಂದಿನ ಬಯಲಲ್ಲಿ ಗಾಡಿ ಚಾಲೂ ಇತ್ತು. ಹಿಂದೆ ನೆಲ ಹರಗುವ ಒಂಬತ್ತು ಹಲ್ಲಿನ ಕಲ್ಟಿವೇಟರ್ ಎತ್ತಿಟ್ಟಿದ್ದೆ. ಪಿನ್ ಸರಿಯಾಗಿ ಕೂತಿದೆಯಾ ಅಂತ ತಮ್ಮ ಹಿಂದೆ ಬಗ್ಗಿ ನೋಡುತ್ತಿದ್ದ. ಸದ್ದು ಜಾಸ್ತಿಯಾಯಿತು, ಇಂಜಿನ್ ವೇಗದ ಥ್ರಾಟಲ್ ಇಳಿಸೋಣ ಅಂತ ಬಲಗೈ ಚಾಚಿ ಲಿವರ್ ಒತ್ತಿದೆ. ಸದ್ದು ಇಳಿಯಲಿಲ್ಲ, ಕಲ್ಟಿವೇಟರ್ ಇಳಿಯಿತು. ಧಡ್ ಅಂತ ಹಲ್ಲುಗಳು ನೆಲಕ್ಕೆ ನಾಟಿದವು. ತಿರುಗಿ ನೋಡಿದರೆ ತಮ್ಮನ ಚಪ್ಪಲಿಯಿಂದ ಒಂದು ಗೇಣು ಆಚೆ ಕೊನೆಯ ಹಲ್ಲು. ಅವನು ಬೈಯಲೂ ಇಲ್ಲ. ಸುಮ್ನೆ ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ನಾನು ಟ್ರ್ಯಾಕ್ಟರ್ ಗೊತ್ತಿಲ್ಲದವನಲ್ಲ. ಹತ್ತನೇ ಕ್ಲಾಸಿನಿಂದ ಸೋದರಮಾವನ ಟ್ರ್ಯಾಕ್ಟರ್ ಓಡಿಸಿದವನು. ತೊಂದರೆ ಶುರುವಾಗಿದ್ದೇ ಅಲ್ಲಿಂದ. ಮಾವನ ಗಾಡಿಯಲ್ಲಿ ಕೈ ಥ್ರಾಟಲ್ ಸೀಟಿನ ಬಲಕ್ಕೆ ಇತ್ತು. ಇದರಲ್ಲಿ ಅದು ಸ್ಟೀರಿಂಗ್ ಹತ್ತಿರ, ಸೀಟಿನ ಬಲಕ್ಕಿರುವುದು ಹಿಂದಿನ ಸಾಮಾನು ಎತ್ತಿ ಇಳಿಸುವ ಹೈಡ್ರಾಲಿಕ್ ಲಿವರ್. ಅದರಲ್ಲಿ ಗೇರ್ ಎರಡು ಕಾಲಿನ ನಡುವೆ, ಇದರಲ್ಲಿ ಎಡಗಡೆ ಪಕ್ಕಕ್ಕೆ. ತಲೆಗೆ ಇದೆಲ್ಲ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಏನೂ ಬಾರದವನು ಹೆದರಿ ನಿಧಾನ ಮಾಡುತ್ತಾನೆ. ಬರುವವನ ಕೈ ಅವನನ್ನು ಕೇಳದೆ ಮುಂದೆ ಹೋಗುತ್ತದೆ.

ಅವತ್ತು ಸಂಜೆ ಕೀಲಿ ತೆಗೆದು ಅವ್ವನ ಕೈಗೆ ಕೊಟ್ಟೆ. ಮೂರು ದಿನ ಕೊಡಬೇಡ ಅಂದೆ.

ಆ ಮೂರು ದಿನ, ಬಿಸಿಲು ಏರುವ ಮುಂಚೆ, ಬಂದ್ ಇದ್ದ ಟ್ರ್ಯಾಕ್ಟರ್ ಮೇಲೆ ಹೋಗಿ ಕೂತೆ. ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, ಹತ್ತು ಗಂಟೆಯ ಮೇಲೆ ಸೀಟು ಮುಟ್ಟಲಾಗುವುದಿಲ್ಲ. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ತಂದು ಒಂದೊಂದು ಲಿವರ್‌ಗೂ ಅಂಟಿಸಿ ಮಾರ್ಕರ್‌ನಲ್ಲಿ ಬರೆದೆ: ಎತ್ತು–ಇಳಿಸು, ಹೈ–ಲೋ, ಪಿಟಿಒ (ಹಿಂದೆ ಕಟ್ಟಿದ ಮಷೀನು ತಿರುಗಿಸುವ ಶಾಫ್ಟು). ಇಂಜಿನ್ ಬಂದ್ ಮಾಡಲು ಎಳೆಯುವ ಗುಂಡಿಗೆ ಕೆಂಪು ಬಣ್ಣ. ಬುಕ್ಕು ಇರಲಿಲ್ಲ, ಗೇರಿನ ಚಿತ್ರ ಮಡ್‌ಗಾರ್ಡ್ ಮೇಲೆ ಅರ್ಧ ಅಳಿಸಿತ್ತು. ಒಂದೊಂದೇ ಗೇರ್ ಹಾಕಿ ತೆಗೆದು ನೋಡಿ ನಾನೇ ಒಂದು ಚಿತ್ರ ಬರೆದುಕೊಂಡೆ. ಮುಂದಕ್ಕೆ ಎಂಟು, ಹಿಂದಕ್ಕೆ ಎರಡು. ಆಮೇಲೆ ಕಣ್ಣು ಮುಚ್ಚಿ ತಮ್ಮನಿಗೆ ಹೇಳಲು ಹೇಳಿದೆ. ಅವನು "ಬ್ರೇಕ್" ಅಂದರೆ ಕಾಲು ಅಲ್ಲಿಗೆ ಹೋಗಬೇಕು, "ಬಂದ್" ಅಂದರೆ ಕೈ ಕೆಂಪು ಗುಂಡಿಗೆ. ಮೊದಲ ದಿನ ಅರ್ಧಕ್ಕರ್ಧ ತಪ್ಪು. ಮೂರನೇ ದಿನ ತಪ್ಪಲಿಲ್ಲ.

ದಾರಿಯಲ್ಲಿ ಹೋಗುವ ಹಿರಿಯರೊಬ್ಬರು ನಿಂತು ಕೇಳಿದರು: "ಹೊಲ ಹೊಡಿಲಾಕ ತಂದಿಯೋ, ಪೂಜಾ ಮಾಡಲಾಕ ತಂದಿಯೋ?" ನಕ್ಕೆ. ಏನು ಹೇಳಲಿ?

ಹಾಗೆ ಕೂತಾಗಲೇ ಸೀಟಿನ ಕೆಳಗೆ ಒಂದು ಗುಂಡಿ ಕಣ್ಣಿಗೆ ಬಿತ್ತು. ಎತ್ತಿದ ಸಾಮಾನು ಎಷ್ಟು ಬೇಗ ಇಳಿಯಬೇಕು ಅನ್ನುವುದನ್ನು ಹಿಡಿದಿಡುವ ಗುಂಡಿ ಅದು. ಹಳೆ ಮಾಲೀಕರು ಪೂರ್ತಿ ಬಿಟ್ಟಿದ್ದರು, ಅದಕ್ಕೇ ಧಡ್ ಅಂತ ಬಿದ್ದದ್ದು. ಬಿಗಿ ಮಾಡಿದ ಮೇಲೆ ಕಲ್ಟಿವೇಟರ್ ಈಗ ಎಮ್ಮೆ ಕೂತಂತೆ ನಿಧಾನವಾಗಿ ಕೂರುತ್ತದೆ. ಆದರೂ ಎತ್ತಿಟ್ಟ ಸಾಮಾನಿನ ಕೆಳಗೆ ಕೈ ಕಾಲು ಹಾಕಲು ಯಾರನ್ನೂ ಬಿಡುವುದಿಲ್ಲ. ಎಣ್ಣೆಯ ಒತ್ತಡದ ಮೇಲೆ ನಿಂತ ಭಾರ ಅದು, ಒಂದು ಪೈಪು ಹೋದರೆ ಮುಗಿಯಿತು. ಗಾಡಿ ಬಿಟ್ಟು ಇಳಿಯುವಾಗ ಸಾಮಾನು ನೆಲಕ್ಕೆ, ಕೀಲಿ ಜೇಬಿಗೆ. ನಮ್ಮ ಕಡೆ ಫರಸಿ ಕಲ್ಲಿಗೆ ಬರವಿಲ್ಲ, ಶಹಾಬಾದ್ ಪಕ್ಕದಲ್ಲೇ ಇದೆ. ಎರಡು ದಪ್ಪ ತುಂಡು ಯಾವಾಗಲೂ ಗಾಡಿಯಲ್ಲಿ ಇಟ್ಟಿರುತ್ತೇನೆ, ಗಾಲಿಗೆ ಅಡ್ಡ ಹಾಕಲು.

ಇನ್ನೊಂದು ಮಾತು. ಗಾಡಿ ಕೊಡುವಾಗ ಹಳೆ ಮಾಲೀಕರು ನನಗೆ ಒಂದು ಯುಕ್ತಿಯನ್ನೂ ಕಲಿಸಿಕೊಟ್ಟಿದ್ದರು. ಸ್ವಿಚ್ ಕೆಲವೊಮ್ಮೆ ಹಿಡಿಯುವುದಿಲ್ಲ, ಕೆಳಗೆ ನಿಂತು ಸ್ಟಾರ್ಟರ್‌ಗೆ ಸ್ಕ್ರೂಡ್ರೈವರ್ ತಾಗಿಸಿದರೆ ಸಾಕು ಅಂತ. ಸಾಕು, ನಿಜ. ಆದರೆ ಹಾಗೆ ಮಾಡುವಾಗ ನಾವು ನಿಲ್ಲುವುದು ದೊಡ್ಡ ಗಾಲಿಯ ಮುಂದೆ. ಗೇರ್‌ನಲ್ಲಿ ಉಳಿದಿದ್ದರೆ ಗಾಡಿ ಚಾಲೂ ಆದ ಕೂಡಲೇ ಹೊರಟುಬಿಡುತ್ತದೆ. ಎರಡು ಟನ್ನಿನ ಹತ್ತಿರದ ಗಾಡಿ. ಕ್ಲಚ್ ಒತ್ತದೆ, ನ್ಯೂಟ್ರಲ್ ಇಲ್ಲದೆ ಚಾಲೂ ಆಗಬಾರದು ಅಂತ ಕೆಲವು ಗಾಡಿಗಳಲ್ಲಿ ಒಂದು ಸೇಫ್ಟಿ ಸ್ವಿಚ್ ಇರುತ್ತದೆ. ಸ್ಕ್ರೂಡ್ರೈವರ್ ಅದನ್ನೂ ದಾಟಿ ಹೋಗುತ್ತದೆ. ಉಳುಮೆಗೆ ಹಚ್ಚುವ ಮೊದಲು ವಾಡಿಯಿಂದ ಎಲೆಕ್ಟ್ರಿಷಿಯನ್ ಕರೆಸಿ ಸ್ವಿಚ್ ಬದಲಿಸಿದೆ. ಎಣ್ಣೆ, ರೇಡಿಯೇಟರ್ ನೀರು, ಬ್ಯಾಟರಿ, ಗಾಳಿ, ಇವೆಲ್ಲ ಯಾವ ಗಾಡಿಗಾದರೂ ನೋಡುವಂಥದ್ದೇ. ಅದನ್ನು ಉದ್ದ ಬರೆಯುವುದಿಲ್ಲ.

ಬ್ರೇಕಿನ ವಿಷಯ ಮಾತ್ರ ಬಿಡುವ ಹಾಗಿಲ್ಲ. ಟ್ರ್ಯಾಕ್ಟರ್‌ಗೆ ಎರಡು ಬ್ರೇಕ್ ಪೆಡಲ್. ಎಡದ್ದು ಎಡ ಗಾಲಿಗೆ, ಬಲದ್ದು ಬಲ ಗಾಲಿಗೆ. ಹೊಲದಲ್ಲಿ ಸಾಲಿನ ಕೊನೆಗೆ ಗಿರಕ್ಕನೆ ತಿರುಗಲು ಒಂದೇ ಒತ್ತುತ್ತೇವೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಕೊಂಡಿ ಹಾಕಬೇಕು. ನನ್ನ ಗಾಡಿಯಲ್ಲಿ ಆ ಕೊಂಡಿ ತುಕ್ಕು ಹಿಡಿದು ಒಂದು ಕಡೆ ಬಗ್ಗಿ ಕೂತಿತ್ತು. ಅಂದರೆ ಹಿಂದೆ ಯಾರೂ ಹಾಕಿಯೇ ಇರಲಿಲ್ಲ! ನಮ್ಮ ರಸ್ತೆಯಲ್ಲಿ ದಿನವಿಡೀ ಸಿಮೆಂಟ್ ಲಾರಿ. ವಾಡಿ, ಸೇಡಂ, ಎರಡೂ ಕಡೆ ಫ್ಯಾಕ್ಟರಿ. ಎದುರಿಗೆ ಲಾರಿ ಬಂತು ಅಂತ ಗಾಬರಿಯಾಗಿ ಒಂದೇ ಪೆಡಲ್ ತುಳಿದರೆ ಗಾಡಿ ಆ ಕಡೆಗೆ ಹೊರಳುತ್ತದೆ, ಹಿಂದೆ ಟ್ರಾಲಿ ನೂಕುತ್ತದೆ. ನಮ್ಮೂರ ಟ್ರಾಲಿಗಳಿಗೆ ಸ್ವಂತ ಬ್ರೇಕ್ ಅಂತ ಎಲ್ಲಿದೆ? ಸೀಮೆಎಣ್ಣೆ ಬಿಟ್ಟು ತುಕ್ಕು ಬಿಡಿಸಿದೆ. ಹೊಲದ ದಾರಿ ಮುಗಿದು ಡಾಂಬರು ಸಿಗುವಲ್ಲಿ ಒಂದು ಬೇವಿನ ಮರ ಇದೆ. ಅಲ್ಲಿ ನಿಂತು ಕೊಂಡಿ ಹಾಕಿಯೇ ಮುಂದೆ ಹೋಗುವುದು. ಈಗ ಮರ ಕಂಡರೆ ಕೈ ತಾನೇ ಕೆಳಗೆ ಹೋಗುತ್ತದೆ. ಹಳ್ಳದ ಇಳಿಜಾರಿನಲ್ಲಿ ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುವ ಚಟ ನನಗೂ ಇತ್ತು. ಬಿಟ್ಟೆ.

ಮಿರಗ (ಮೃಗಶಿರ) ಮಳೆಗೆ ಬಿತ್ತನೆ ಚೆನ್ನಾಗಿಯೇ ಆಯಿತು. ಸಿಕ್ಕಿಬಿದ್ದಿದ್ದು ಸೆಪ್ಟೆಂಬರ್‌ನಲ್ಲಿ. ಹೆಸರು ಬೆಳೆ ಕಿತ್ತ ಹೊಲವನ್ನು ಹಿಂಗಾರಿ ಜೋಳಕ್ಕೆ ಹರಗಬೇಕಿತ್ತು. ಕಾಗಿಣಾ ನದಿ ಕಡೆಯ ಹೊಲ, ಆಳದ ಕರಿ ಎರೆ. ಮೇಲೆ ಹದ ಬಂದಂತೆ ಕಂಡರೂ ತಗ್ಗಿನಲ್ಲಿ ಹಸಿ ಇತ್ತು. ಎರೆ ಮಣ್ಣು ಹಸಿಯಾದರೆ ಅಂಟು, ಗಾಲಿಯ ಗೀರುಗಳೆಲ್ಲ ತುಂಬಿಕೊಂಡು ಟೈರು ಮಣ್ಣಿನ ಉಂಡೆಯಾಗುತ್ತದೆ. ಹಿಂದಿನ ಎರಡೂ ಗಾಲಿ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಒತ್ತಿ ನೋಡಿದೆ, ಎರಡೂ ಗಾಲಿ ಸಮನಾಗಿ ಇಳಿದವು ಅಷ್ಟೇ.

ಸಲಹೆ ಕೊಡುವವರು ತಕ್ಷಣ ಬಂದರು. ಹಿಂದಿನ ಗಾಲಿಗೆ ಅಡ್ಡ ಒಂದು ಮರದ ತುಂಡು ಕಟ್ಟು, ಫಸ್ಟ್ ಗೇರ್ ಹಾಕಿ ಎಬ್ಬಿಸು ಅಂದರು. ಅಲ್ಲಿ ನಾನು ಇಳಿದುಬಿಟ್ಟೆ. ಇಂಜಿನ್ ಗಾಲಿಯನ್ನು ತಿರುಗಿಸುತ್ತದೆ ಅಂದುಕೊಳ್ಳುತ್ತೇವೆ. ಗಾಲಿ ತಿರುಗಲು ಆಗದಿದ್ದರೆ ಗಾಡಿಯೇ ಗಾಲಿಯ ಸುತ್ತ ತಿರುಗುತ್ತದೆ. ಮುಂದಿನ ಗಾಲಿ ಮೇಲೇಳುತ್ತದೆ, ಓಡಿಸುವವನ ಬೆನ್ನಿನ ಮೇಲೆಯೇ ಗಾಡಿ ಮಗುಚುತ್ತದೆ. ಇದಕ್ಕೆ ಒಂದೂವರೆ ಸೆಕೆಂಡ್ ಕೂಡ ಬೇಡ. ಎದ್ದದ್ದು ಕಂಡು ಕ್ಲಚ್ ಒತ್ತೋಣ ಅನ್ನುವಷ್ಟರಲ್ಲಿ ಕೈ ಮೀರಿರುತ್ತದೆ.

ಕಲ್ಟಿವೇಟರ್ ಬಿಚ್ಚಿದೆವು. ಗಾಲಿಯ ಹಿಂದಿನ ಮಣ್ಣು ಸಲಿಕೆಯಿಂದ ತೆಗೆದು ಇಳಿಜಾರು ಮಾಡಿದೆವು, ತೊಗರಿ ಕಟ್ಟಿಗೆ ಹಾಸಿದೆವು. ಇನ್ನೊಂದು ಟ್ರ್ಯಾಕ್ಟರ್ ತರಿಸಿ ಬಂದ ದಾರಿಗೇ ಹಿಂದಕ್ಕೆ ಎಳೆಸಿದೆವು. ಚೈನ್ ಎರಡೂ ಗಾಡಿಗಳ ಕೆಳಗಿನ ಡ್ರಾಬಾರ್‌ಗೇ (ಎಳೆಯಲೆಂದೇ ಇರುವ ಕಬ್ಬಿಣದ ಪಟ್ಟಿ) ಕಟ್ಟಿದ್ದು, ಕಲ್ಟಿವೇಟರ್ ಹಿಡಿಯುವ ಮೇಲಿನ ಟಾಪ್ ಲಿಂಕ್‌ಗೆ ಕಟ್ಟಲು ಬಿಡಲಿಲ್ಲ. ಎತ್ತರದಲ್ಲಿ ಕಟ್ಟಿದರೆ ಎಳೆಯುವ ಗಾಡಿಯೇ ಮುಂಗಾಲಿ ಎತ್ತುತ್ತದೆ. ಚೈನ್ ಹರಿದರೆ ಹಾವಿನಂತೆ ಹಾರುತ್ತದೆ ಅಂತ ಹುಡುಗರನ್ನು ಬದುವಿನ ಆಚೆ ಅಟ್ಟಿದೆ. ಮೂರು ತಾಸು ಹೋಯಿತು. ಮರದ ತುಂಡಿನವರು ಇವತ್ತಿಗೂ ನನ್ನನ್ನು ಅಂಜುಬುರುಕ ಅನ್ನುತ್ತಾರೆ.

ಡಿಸೆಂಬರ್ ಕೊನೆಗೆ ತೊಗರಿ ರಾಶಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮಾನ್ಯತೆ) ಸಿಕ್ಕಿತು, ನಮ್ಮ ಕಣದ ಮಷೀನಿನ ಶಾಫ್ಟಿಗೆ ಒಂದು ಕವರ್ ಸಿಕ್ಕಿರಲಿಲ್ಲ. ಪಿಟಿಒ ಮಿನಿಟಿಗೆ 540 ಸುತ್ತು. ಲೆಕ್ಕ ಹಾಕಿ, ಸೆಕೆಂಡಿಗೆ ಒಂಬತ್ತು. ಹೆಗಲ ಮೇಲಿನ ವಸ್ತ್ರದ ಚುಂಗು ಸಿಕ್ಕಿದರೆ "ಅಯ್ಯೋ" ಅನ್ನುವ ಮುಂಚೆ ಮನುಷ್ಯ ಅದರ ಮೇಲೆ ಸುತ್ತಿರುತ್ತಾನೆ. ಇಲ್ಲೂ ಮಾವನ ಗಾಡಿ ಬೇರೆ, ಇದು ಬೇರೆ. ಮಾವನದ್ದರಲ್ಲಿ ಕ್ಲಚ್ ಒತ್ತಿದರೆ ಎಲ್ಲಾ ನಿಲ್ಲುತ್ತಿತ್ತು. ಇದರಲ್ಲಿ ಡಬಲ್ ಕ್ಲಚ್: ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತದೆ, ಶಾಫ್ಟ್ ತಿರುಗುತ್ತಲೇ ಇರುತ್ತದೆ. ಪೂರ್ತಿ ಒತ್ತಿದರೆ ಮಾತ್ರ ಅದೂ ನಿಲ್ಲುವುದು. ಇದನ್ನು ಕಣಕ್ಕೆ ತರುವ ಮೊದಲೇ, ಏನೂ ಕಟ್ಟದೆ, ಯಾರೂ ಹತ್ತಿರ ಇಲ್ಲದಾಗ ನೋಡಿಕೊಂಡಿದ್ದೆ. ಕವರ್ ಕೊಂಡು ತಂದು ಹಾಕಿದೆ. ರಾಶಿಗೆ ಬಂದ ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿಕೊಂಡೇ ಇದ್ದರು. ಧೋತರದ ಗಂಡಸರಿಗೆ ಹೇಳುವುದೇ ಕಷ್ಟವಾಯಿತು. ಕಾಳು ಸಿಕ್ಕಿ ಮಷೀನು ಕಟ್ಟಿಕೊಂಡಾಗಲೆಲ್ಲ ಇಂಜಿನ್ ಬಂದ್ ಮಾಡಿ, ಕೀಲಿ ತೆಗೆದು, ಶಾಫ್ಟ್ ಪೂರ್ತಿ ನಿಂತಿದ್ದನ್ನು ಕಣ್ಣಾರೆ ನೋಡಿ ಆಮೇಲೆ ಕೈ ಹಾಕಿದ್ದು. "ಇವನ ರಾಶಿ ಯುಗಾದಿಗೆ ಮುಗೀತದ" ಅಂತ ಯಾರೋ ಅಂದರು. ಎರಡು ದಿನದಲ್ಲಿ ಮುಗಿಯಿತು.

ಎಳ್ಳ ಅಮಾವಾಸ್ಯೆ ದಿನ ಚರಗ (ಹೊಲಕ್ಕೆ ಎಡೆ) ಚೆಲ್ಲಲು ಮನೆಮಂದಿ ಎಲ್ಲ ಹೊಲಕ್ಕೆ ಹೊರಟರು. ಮಡ್‌ಗಾರ್ಡ್ ಮೇಲೆ ಕೂರುತ್ತೇನೆ ಅಂತ ತಂಗಿಯ ಮಗ ಹಟ ಹಿಡಿದ. ಅದು ಸೀಟಲ್ಲ, ಜಾರಿದರೆ ಬೀಳುವುದು ನೇರ ದೊಡ್ಡ ಗಾಲಿಯ ಕೆಳಗೆ. ಒಂದು ಸೀಟು, ಒಬ್ಬ ಮನುಷ್ಯ ಅಂದೆ. ಅತ್ತ. ಅವ್ವ ಕೂಡ "ಹಬ್ಬದ ದಿನ ಹುಡುಗನ್ನ ಅಳಸ್ತೀಯಲ್ಲೋ" ಅಂದಳು. ಎಲ್ಲರಿಗೂ ಟಂಟಂ ಆಟೋ ಹೇಳಿದೆ. ಭಜ್ಜಿ, ಕಡುಬು, ಸಜ್ಜೆ ರೊಟ್ಟಿಯ ಬುಟ್ಟಿಗಳೂ ಅದರಲ್ಲೇ ಹೋದವು. ನಾನು ಬೇವಿನ ಮರದ ಹತ್ತಿರ ನಿಂತು ಕೊಂಡಿ ತೆಗೆಯುತ್ತಿದ್ದಾಗ ಟಂಟಂ ನನ್ನನ್ನು ದಾಟಿತು. ಹುಡುಗ ಕಿಟಾರನೆ ಕಿರುಚಿ ಕೈ ಬೀಸಿದ. ನಾನು ಹೊಲ ಮುಟ್ಟುವಷ್ಟರಲ್ಲಿ ಭಜ್ಜಿ ಅರ್ಧ ಖಾಲಿಯಾಗಿತ್ತು.