ವಾರದ ಮೀಟಿಂಗ್ ನಡೆಸುವುದು ಹೇಗೆ? ಎಡವುವುದು ತೀರ್ಮಾನದ ಘಟ್ಟದಲ್ಲೇ

ಅರ್ಧ ಗಂಟೆ ಒಳ್ಳೆಯ ಚರ್ಚೆ ನಡೆದಿರುತ್ತದೆ. ಕೊನೆಗೆ ಮುಖ್ಯಸ್ಥರು ‘ಸರಿ, ಇದನ್ನ ಬೇಗ ಮಾಡಿಬಿಡೋಣ’ ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ವಿಷಯ ಶುರುವಾಗುತ್ತದೆ. ಮರುವಾರ ಅದೇ ವಿಷಯ ಮತ್ತೆ ಮೇಜಿನ ಮೇಲೆ. ಇನ್ನೊಬ್ಬರು ಮಾಡುತ್ತಾರೆಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಮೀಟಿಂಗ್‌ಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಏಳೆಂಟು ಜನರ ವಿಭಾಗದ ವಾರದ ಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ರಮ ಹೇಳುತ್ತೇವೆ.

ಕರೆಯುವ ಮುನ್ನ

ಬರೀ ಮಾಹಿತಿ ತಿಳಿಸುವುದಿದ್ದರೆ ಮೇಲ್ ಕಳಿಸಿ, ಸಭೆ ಬೇಡ. ಸಭೆ ಬೇಕೇ ಬೇಕೆಂದಾದರೆ 45 ನಿಮಿಷ, ಹೆಚ್ಚೆಂದರೆ 4 ವಿಷಯ. ವಿಷಯವನ್ನು ಪ್ರಶ್ನೆಯ ರೂಪದಲ್ಲಿ ಬರೆಯಿರಿ. ‘ಗ್ರಾಹಕರ ದೂರುಗಳ ಬಗ್ಗೆ ಚರ್ಚೆ’ ಎಂದರೆ ಯಾರೂ ತಯಾರಾಗಿ ಬರುವುದಿಲ್ಲ. ‘ದೂರಿಗೆ 24 ಗಂಟೆಯೊಳಗೆ ಉತ್ತರ ಹೋಗಬೇಕಾದರೆ ಶನಿವಾರವೂ ಒಬ್ಬರನ್ನು ಕೂರಿಸಬೇಕೇ?’ ಎಂದು ಬರೆದರೆ ಎಲ್ಲರೂ ಅಭಿಪ್ರಾಯ ಇಟ್ಟುಕೊಂಡೇ ಬರುತ್ತಾರೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಪಟ್ಟಿ ಕೈಸೇರಲಿ. ಕಷ್ಟದ ವಿಷಯ ಮೊದಲಿಗಿರಲಿ. ಕೊನೆಗಿಟ್ಟರೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ.

ಸ್ಲೈಡ್‌ಗಳನ್ನು ಬಿಟ್ಟುಬಿಡಿ. ಅಮೆಜಾನ್ ಕಂಪನಿಯ ಸ್ಥಾಪಕ ಜೆಫ್ ಬೆಜೋಸ್ 2004ರಲ್ಲೇ ಅಲ್ಲಿನ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟ್ ತೆಗೆಸಿದರು. ಅದರ ಜಾಗಕ್ಕೆ ಬರವಣಿಗೆಯ ಟಿಪ್ಪಣಿ ಬಂತು. ಆರು ಪುಟ ಮೀರದ ಅದನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದುವ ರೂಢಿ ಬೆಳೆಯಿತು. ವಾರದ ಸಭೆಗೆ ಅಷ್ಟುದ್ದ ಬೇಕಿಲ್ಲ, ಅರ್ಧ ಪುಟ ಸಾಕು.

ಮಾತಾಡಿಸುವುದು

ಹೇಳಿದ ಹೊತ್ತಿಗೆ ಶುರುಮಾಡಿ. ತಡವಾಗಿ ಬಂದವರಿಗಾಗಿ ಮೊದಲಿಂದ ಹೇಳಬೇಡಿ.

ಮುಖ್ಯಸ್ಥರು ಮೊದಲು ಬಾಯಿ ತೆರೆದರೆ ಉಳಿದವರ ಅಭಿಪ್ರಾಯ ಅಲ್ಲಿಗೇ ಮುಗಿಯಿತು. ಕಿರಿಯರು ಮೊದಲು, ಮುಖ್ಯಸ್ಥರು ಕಟ್ಟಕಡೆಗೆ. ‘ಯಾರಾದರೂ ಏನಾದರೂ ಹೇಳೋದಿದೆಯಾ?’ ಎಂಬ ಪ್ರಶ್ನೆಗೆ ಮೌನವೇ ಉತ್ತರ. ಎರಡು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ, ಆಮೇಲೆ ಸರದಿಯಂತೆ ಓದಲಿ. ಆನ್‌ಲೈನ್‌ನಲ್ಲಿ ಇರುವವರನ್ನು ಕೋಣೆಯಲ್ಲಿ ಕೂತವರಿಗಿಂತ ಮುಂಚೆ ಕೇಳಿ, ಇಲ್ಲದಿದ್ದರೆ ಅವರು ಬರೀ ಕೇಳುಗರಾಗಿ ಉಳಿಯುತ್ತಾರೆ. ಬೆಂಗಳೂರಿನ ಆಫೀಸುಗಳಲ್ಲಿ ಇನ್ನೊಂದು ತೊಡಕಿದೆ: ಕೆಲಸ ಚೆನ್ನಾಗಿ ಬಲ್ಲವರು ಇಂಗ್ಲಿಷ್‌ಗೆ ಅಂಜಿ ಸುಮ್ಮನಿರುತ್ತಾರೆ. ‘ಕನ್ನಡದಲ್ಲೂ ಹೇಳಬಹುದು’ ಎಂದರೆ ಸಾಲದು. ಕನ್ನಡ ಬಲ್ಲ ಮುಖ್ಯಸ್ಥರು ತಾವೇ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬೇಕು. ಭಾಷೆ ಬಾರದವರಿಗೆ ಪಕ್ಕದವರು ಎರಡು ಮಾತಿನಲ್ಲಿ ಸಾರ ತಿಳಿಸಿದರಾಯಿತು.

ಯಾರದಾದರೂ ವೈಯಕ್ತಿಕ ಲೋಪದ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಅದೇ ದಿನ ಆ ಒಬ್ಬರ ಜೊತೆ, ಬಾಗಿಲು ಮುಚ್ಚಿಕೊಂಡು ಮಾತಾಡಿ.

ತೀರ್ಮಾನ: ಇಲ್ಲಿ ಅವಸರ ಬೇಡ

ಪ್ರತಿ ವಿಷಯಕ್ಕೂ ಮೀಸಲಿಟ್ಟ ಸಮಯದ ಕೊನೆಯ ಮೂರು ನಿಮಿಷ ಉಳಿದಿರುವಾಗ ಚರ್ಚೆ ನಿಲ್ಲಿಸಿ. ‘ನಾವು ಒಪ್ಪಿದ್ದು ಇದು’ ಎಂದು ಒಂದೇ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ. ಹೇಳುವಾಗ ನೀವೇ ತಡವರಿಸಿದರೆ ತೀರ್ಮಾನ ಇನ್ನೂ ಆಗಿಲ್ಲ ಎಂದರ್ಥ.

ಆಮೇಲೆ ‘ಎಲ್ಲರಿಗೂ ಓಕೆನಾ?’ ಎನ್ನಬೇಡಿ, ಅದಕ್ಕೆ ಬೇಡ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ‘ಇದು ಎಲ್ಲಿ ಕೈಕೊಡಬಹುದು?’ ಎಂದು ಕೇಳಿ, ಅದುವರೆಗೆ ಸುಮ್ಮನಿದ್ದವರನ್ನು ಹೆಸರು ಹಿಡಿದು ಕೇಳಿ. ಒಮ್ಮತ ಬರದಿದ್ದರೆ ಮುಖ್ಯಸ್ಥರು ಕಾರಣ ಹೇಳಿ ತೀರ್ಮಾನಿಸಲಿ. ಎಂಟು ಜನರಲ್ಲಿ ಕೈ ಎತ್ತಿಸುವುದು ಬೇಡವೇ ಬೇಡ, ಸೋತ ಮೂವರು ಆ ಕೆಲಸಕ್ಕೆ ಮನಸ್ಸು ಕೊಡುವುದಿಲ್ಲ.

ಇನ್ನು ಹೊಣೆ. ಒಂದೇ ಹೆಸರು. ಇಬ್ಬರಿಗೆ ಕೊಟ್ಟ ಕೆಲಸ ಇಬ್ಬರ ನಡುವೆ ಬೀಳುತ್ತದೆ. ‘ಅಕೌಂಟ್ಸ್‌ನವರು’ ಎನ್ನುವುದು ಹೆಸರಲ್ಲ. ಸಭೆಗೆ ಬಾರದವರ ತಲೆಗೆ ಕಟ್ಟುವುದಂತೂ ಕೂಡದು. ಹೊಣೆ ಹೊತ್ತವರು ತಾವು ಏನು, ಯಾವಾಗ ಮಾಡುತ್ತೇವೆಂದು ತಮ್ಮದೇ ಮಾತಿನಲ್ಲಿ ಹೇಳಲಿ; ಅಪಾರ್ಥವಾಗಿದ್ದರೆ ಆಗಲೇ ಬಯಲಾಗುತ್ತದೆ. ‘ಮುಂದಿನ ವಾರ’ ಗಡುವಲ್ಲ, ‘ಗುರುವಾರ ಸಂಜೆ 5’ ಗಡುವು.

‘ಟ್ರೈ ಮಾಡ್ತೀನಿ ಸಾರ್’ ಎಂಬ ಉತ್ತರ ಬಂದರೆ ಮುಂದೆ ಹೋಗಬೇಡಿ. ಏನು ಅಡ್ಡ ಬರುತ್ತದೆ ಎಂದು ಕೇಳಿ. ಹೆಚ್ಚಿನ ಸಲ ಕೈಯಲ್ಲಿ ಇನ್ನೊಂದು ಕೆಲಸ ಇರುತ್ತದೆ. ಯಾವುದನ್ನು ಪಕ್ಕಕ್ಕಿಡಬೇಕೆಂದು ಮುಖ್ಯಸ್ಥರು ಅಲ್ಲೇ ಹೇಳಬೇಕು. ಹೇಳದಿದ್ದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ, ಬೈಗುಳ ಮಾತ್ರ ಕೆಳಗಿನವರಿಗೆ.

ನಡಾವಳಿಯಲ್ಲಿ ಇಷ್ಟಿರಲಿ:

ತೀರ್ಮಾನ: ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ಸರ್ವಿಸ್ ಡೆಸ್ಕ್‌ನಲ್ಲಿ ಒಬ್ಬರು.
ಹೊಣೆ: ಒಬ್ಬರ ಹೆಸರು.
ಕೆಲಸ: ನಾಲ್ಕು ವಾರದ ಪಾಳಿ ಪಟ್ಟಿ.
ಗಡುವು: ಗುರುವಾರ ಸಂಜೆ 5.
ಬೇಕಾದ್ದು: ಎಚ್‌ಆರ್‌ನಿಂದ ರಜೆ ವಿವರ, ಮಂಗಳವಾರದೊಳಗೆ.

ಕೊನೆಯ ಸಾಲನ್ನು ಬರೆಯಲು ಮರೆಯುವವರೇ ಹೆಚ್ಚು. ರಜೆ ವಿವರ ಬರದೆ ಪಟ್ಟಿ ಆಗಲಿಲ್ಲ ಎಂಬ ನೆಪಕ್ಕೆ ದಾರಿಯಾಗುವುದು ಆ ಮರೆವೇ.

ಸಭೆ ನಡೆಸುವವರೇ ನಡಾವಳಿ ಬರೆಯಬಾರದು. ಬೇರೊಬ್ಬರು ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆ ಟೈಪ್ ಮಾಡಲಿ, ಅಂದೇ ಕಳಿಸಲಿ. ತಾನಾಗಿ ನೋಟ್ಸ್ ಬರೆಯುವ ಆ್ಯಪ್‌ಗಳನ್ನೇ ನಂಬಿ ಕೂರಬೇಡಿ. ಕನ್ನಡ, ಇಂಗ್ಲಿಷ್ ಬೆರೆತ ಮಾತಿಗೆ ಅವು ತಡವರಿಸುತ್ತವೆ, ಹೆಸರು ಅದಲುಬದಲು ಮಾಡುತ್ತವೆ. ರೆಕಾರ್ಡಿಂಗ್ ಆಗುತ್ತಿದೆ ಎಂದು ಗೊತ್ತಾದರೆ ಜನ ತೂಗಿ ತೂಗಿ ಮಾತಾಡುತ್ತಾರೆ. ಬಳಸಲೇಬೇಕೆಂದರೆ ಎಲ್ಲರ ಒಪ್ಪಿಗೆ ಪಡೆಯಿರಿ.

ಮರುವಾರ

ಮೊದಲ ಐದು ನಿಮಿಷ ಹಳೆಯ ಪಟ್ಟಿಗೆ. ಆಗಿದೆ, ಆಗಿಲ್ಲ, ಇನ್ನು ಬೇಕಿಲ್ಲ: ಮೂರರಲ್ಲೊಂದು ಉತ್ತರ, ವಿವರಣೆ ಆಮೇಲೆ. ಎರಡು ವಾರ ಸತತವಾಗಿ ‘ಆಗಿಲ್ಲ’ ಬಂದರೆ ದಿನಾಂಕ ಮುಂದೂಡಬೇಡಿ. ಕೆಲಸವನ್ನು ಚಿಕ್ಕದು ಮಾಡಿ, ಹೊಣೆ ಬದಲಿಸಿ ಅಥವಾ ಪಟ್ಟಿಯಿಂದ ತೆಗೆದುಹಾಕಿ. ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಬಾಕಿಯೂ ಇಲ್ಲ, ಹೊಸ ಪ್ರಶ್ನೆಯೂ ಬಂದಿಲ್ಲವೆಂದರೆ ಆ ವಾರದ ಸಭೆಯನ್ನು ರದ್ದು ಮಾಡಿ.