ಹನ್ನೊಂದು ಸರ್ವಿಸ್ ಕಿತ್ತು ಒಂದೇ ಸರ್ವರ್‌ಗೆ ಇಳಿಸಿದ್ದು: ನನ್ನ ಅನುಭವ

ಐದೇ ಜನರ ಸ್ಟಾರ್ಟಪ್‌ನಲ್ಲಿ ಹನ್ನೊಂದು ಮೈಕ್ರೋಸರ್ವಿಸ್ (ಆ್ಯಪ್‌ನ ಒಂದೊಂದು ಕೆಲಸಕ್ಕೆ ಬೇರೆಯಾಗಿ ಓಡುವ ಚಿಕ್ಕ ಪ್ರೋಗ್ರಾಂ) ಸಾಕುವುದು ಆನೆ ಸಾಕಿದ ಹಾಗೆ. ಎಲ್ಲವನ್ನೂ ಒಂದು ಆ್ಯಪ್, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ದೊಡ್ಡ ಸರ್ವರ್‌ಗೆ ಇಳಿಸೋಣ ಎಂದಾಗ ‘ತಿಂಗಳೂ ಬಾಳಲ್ಲ’ ಎಂದವರೇ ಹೆಚ್ಚು. ಒಂದೂವರೆ ವರ್ಷವಾಯಿತು, ಓಡುತ್ತಿದೆ. ಕ್ಲೌಡ್ ಬಿಲ್ ಮೊದಲಿನ ಕಾಲುಭಾಗಕ್ಕೆ ಇಳಿದಿದೆ.

ದುಡ್ಡು ಸೋರುತ್ತಿದ್ದದ್ದು ಸಿಪಿಯುನಲ್ಲಿ ಅಲ್ಲ. ಬಿಲ್ಲನ್ನು ಸಾಲುಸಾಲಾಗಿ ನೋಡಿದರೆ ಸರ್ವರ್‌ಗಳ ಪಾಲು ಅರ್ಧಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ಕ್ಲೌಡ್‌ನ ಒಂದು ಡೇಟಾಸೆಂಟರ್ ಝೋನ್ ದಾಟಿ ಇನ್ನೊಂದಕ್ಕೆ ಓಡಾಡುವ ಡೇಟಾ, ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗಳು ಇಂಟರ್ನೆಟ್‌ಗೆ ಹೋಗುವ ಬಾಗಿಲು), ಯಾರೂ ಓದದ ಲಾಗ್, ಎಂದೋ ಅಳಿಸಿದ ಮಷೀನ್‌ಗಳ ಸ್ನ್ಯಾಪ್‌ಶಾಟ್. ಸ್ಟೇಜಿಂಗ್, ಅಂದರೆ ಪರೀಕ್ಷೆಗೆಂದು ಇಟ್ಟ ಪ್ರತಿ, ವಾರದ 168 ಗಂಟೆಯೂ ಉರಿಯುತ್ತಿತ್ತು. ಬಳಸುತ್ತಿದ್ದದ್ದು ಸುಮಾರು 50 ಗಂಟೆ. ರಾತ್ರಿ ಆರಿಸಲು ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಆಜ್ಞೆ) ಸಾಕಾಯಿತು.

ಹೆಚ್ಚು ಏಟು ತಿಂದದ್ದು ಕ್ಯೂನಲ್ಲಿ, ಅಂದರೆ ಹಿನ್ನೆಲೆಯಲ್ಲಿ ಮಾಡಬೇಕಾದ ಕೆಲಸಗಳ (ಜಾಬ್) ಸರದಿಯಲ್ಲಿ. ಕಾಫ್ಕಾ ಎಂಬ ಸಂದೇಶ ವ್ಯವಸ್ಥೆ ತೆಗೆದು ಒಂದು ಜಾಬ್ಸ್ ಟೇಬಲ್ ಇಟ್ಟು, ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ (ಬೇರೆಯವರು ಹಿಡಿದ ಸಾಲು ಬಿಟ್ಟು ಮುಂದಿನದನ್ನು ಹಿಡಿ) ಹಾಕಿ ಕೆಲಸ ಎತ್ತಿಕೊಳ್ಳುವುದು, ಪೋಸ್ಟ್‌ಗ್ರೆಸ್ 9.5ರಿಂದಲೇ ಇರುವ ಸೌಲಭ್ಯ. ತಪ್ಪಾದದ್ದು ಏನೆಂದರೆ, ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಆಗದೇ ಹೋಗುವ ಡೇಟಾಬೇಸ್ ಕೆಲಸದ ಕಂತೆ) ತೆರೆದಿಟ್ಟೇ ಹೊರಗಿನ ಎಪಿಐಗೆ ಕರೆ ಹೋಗುತ್ತಿತ್ತು. ಆ ಕಡೆಯಿಂದ ಉತ್ತರ ತಡವಾದಷ್ಟೂ ಹೊತ್ತು ಸತ್ತ ಸಾಲುಗಳನ್ನು (ಬದಲಾದ ಮೇಲೆ ಉಳಿವ ಹಳೆಯ ಪ್ರತಿಗಳು) ಪೋಸ್ಟ್‌ಗ್ರೆಸ್‌ನ ಕಸಗುಡಿಸುವ ವ್ಯಾಕ್ಯೂಮ್ ಗುಡಿಸಲಾರದು. ಜೀವಂತ ಸಾಲು ಐದಾರು ಸಾವಿರ, ಟೇಬಲ್ ಮಾತ್ರ ಏಳೆಂಟು ಜಿಬಿ. 2 ಮಿಲಿಸೆಕೆಂಡಿನಲ್ಲಿ ಸಿಗುತ್ತಿದ್ದ ಜಾಬ್‌ಗೆ 3 ಸೆಕೆಂಡ್ ಹಿಡಿಯತೊಡಗಿತು.

ಈಗಿನ ಕ್ರಮ ಬೇರೆ. ಜಾಬ್ ಎತ್ತು, ‘ಓಡುತ್ತಿದೆ’ ಎಂದು ಗುರುತು ಹಾಕಿ ಐದು ನಿಮಿಷದ ಗಡುವು ಬರೆ, ಕಮಿಟ್ ಮಾಡು (ಟ್ರಾನ್ಸಾಕ್ಷನ್ ಮುಗಿಸು). ಆಮೇಲೆ ಕೆಲಸ. ಮುಗಿದದ್ದನ್ನು ಇನ್ನೊಂದು ಟ್ರಾನ್ಸಾಕ್ಷನ್‌ನಲ್ಲಿ ಬರೆ. ವರ್ಕರ್ (ಜಾಬ್ ಓಡಿಸುವ ಪ್ರೋಗ್ರಾಂ) ಸತ್ತರೆ ಗಡುವು ಮೀರಿದ ಜಾಬನ್ನು ಇನ್ನೊಬ್ಬ ಎತ್ತುತ್ತಾನೆ. ಹಾಗಾಗಿ ಪ್ರತಿ ಜಾಬೂ ಎರಡು ಸಲ ಓಡಿದರೂ ಕೆಡದಂತಿರಬೇಕು. ಇದನ್ನು ಕಲಿತದ್ದು ಗ್ರಾಹಕರಿಗೆ ಒಂದೇ ಇನ್‌ವಾಯ್ಸ್ ಎರಡು ಸಲ ಹೋದ ಮೇಲೆ. ಆ ಟೇಬಲ್‌ಗೆ ಮಾತ್ರ ಆಟೋವ್ಯಾಕ್ಯೂಮ್ ಸ್ಕೇಲ್ ಫ್ಯಾಕ್ಟರ್ (ಟೇಬಲ್‌ನ ಎಷ್ಟು ಪಾಲು ಸತ್ತರೆ ಗುಡಿಸಬೇಕೆಂಬ ಮಿತಿ) 0.2 ಬದಲು 0.01.

ಕನೆಕ್ಷನ್ ಲೆಕ್ಕ ನೋಡಿದರೆ ಈಗ ನಗು ಬರುತ್ತದೆ. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಮಿತಿ 100. ಹನ್ನೊಂದು ಸರ್ವಿಸ್, ತಲಾ 10 ಕನೆಕ್ಷನ್‌ಗಳ ಪೂಲ್. ಎಲ್ಲವೂ ಒಟ್ಟಿಗೆ ಎದ್ದ ದಿನ ಡೇಟಾಬೇಸ್ ಬಾಗಿಲು ಹಾಕಿತು. ಈಗ ಪಿಜಿಬೌನ್ಸರ್ (ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಮಧ್ಯವರ್ತಿ), ಟ್ರಾನ್ಸಾಕ್ಷನ್ ಮೋಡ್ (ಒಂದು ಟ್ರಾನ್ಸಾಕ್ಷನ್ ಮುಗಿಯುವವರೆಗಷ್ಟೇ ಕನೆಕ್ಷನ್). ಅದರಲ್ಲಿ ‘ಲಿಸನ್’ (ಡೇಟಾಬೇಸ್‌ನ ಸೂಚನೆಗೆ ಕಾಯುವ ಆಜ್ಞೆ) ನಡೆಯದ ಕಾರಣ ವರ್ಕರ್‌ಗೆ ನೇರ ಕನೆಕ್ಷನ್.

ಟೇಬಲ್‌ನ ರಚನೆ ಬದಲಿಸುವ ‘ಆಲ್ಟರ್ ಟೇಬಲ್’ಗೂ ಒಂದು ಮಾತು. ಉದ್ದದ ರಿಪೋರ್ಟ್ ಕ್ವೆರಿಯ ಹಿಂದೆ ಅದು ಕಾಯುತ್ತ ನಿಂತರೆ, ಅದರ ಹಿಂದೆ ಮಾಮೂಲಿ ಸೆಲೆಕ್ಟ್‌ಗಳೂ ಸಾಲುಗಟ್ಟುತ್ತವೆ. ಒಂದೇ ಒಂದು ಕಾಲಂ ಸೇರಿಸಲು ಹೋಗಿ ನಾಲ್ಕು ನಿಮಿಷ ಸೈಟ್ ಸತ್ತಿತ್ತು. ಲಾಕ್ ಟೈಮೌಟ್ (ಟೇಬಲ್ ಕೈಗೆ ಸಿಗಲು ಕಾಯುವ ಗರಿಷ್ಠ ಹೊತ್ತು) 2 ಸೆಕೆಂಡ್ ಇಟ್ಟು, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸುವುದೇ ಸರಿ.

ಒಂದೇ ಸರ್ವರ್ ಆದಮೇಲೆ ಬ್ಯಾಕಪ್ಪೇ ಪ್ರಾಣ. ದಿನಕ್ಕೊಂದು ಬೇಸ್ ಬ್ಯಾಕಪ್, ಜೊತೆಗೆ ವಾಲ್ ಫೈಲ್‌ಗಳು (ಡೇಟಾಬೇಸ್‌ನ ಪ್ರತಿ ಬದಲಾವಣೆಯ ದಾಖಲೆ) ಬೇರೆ ಪೂರೈಕೆದಾರರ ಸ್ಟೋರೇಜ್‌ಗೆ. ಶುಕ್ರವಾರ ಒಬ್ಬರು ಖಾಲಿ ಮಷೀನಿನ ಮೇಲೆ ಅದನ್ನು ಎಬ್ಬಿಸಬೇಕು, ಸರದಿಯ ಮೇಲೆ, ಡಿಸೈನರ್ ಸೇರಿ. ಮೊದಲ ಸಲ ಮೂರು ಗಂಟೆ ಹಿಡಿಯಿತು. ಹೆಚ್ಚಿನ ಹೊತ್ತು ಹೋದದ್ದು ಒಬ್ಬರ ಲ್ಯಾಪ್‌ಟಾಪ್‌ನಲ್ಲಷ್ಟೇ ಇದ್ದ ಕೀ ಹುಡುಕಲು. ಈಗ 40 ನಿಮಿಷ.

ನಡುವೆ ಒಂದು ಪ್ರಯೋಗ: ರೆಡಿಸ್ (ಮೆಮೊರಿಯಲ್ಲಿ ಡೇಟಾ ಇಡುವ ಸ್ಟೋರ್) ಬಿಟ್ಟು ಸೆಷನ್‌ಗಳನ್ನು (ಯಾರು ಲಾಗಿನ್ ಆಗಿದ್ದಾರೆಂಬ ದಾಖಲೆ) ‘ಅನ್‌ಲಾಗ್ಡ್’ ಟೇಬಲ್‌ಗೆ, ಅಂದರೆ ವಾಲ್‌ಗೆ ಬರೆಯದ ಟೇಬಲ್‌ಗೆ, ಹಾಕಿದ್ದು. ಬರೆಯುವ ವೇಗ ಭರ್ಜರಿ. ಆದರೆ ಅದೇ ಸರ್ವರ್‌ನಲ್ಲಿ ಪಿಡಿಎಫ್ ಮಾಡಲು ಹೆಡ್‌ಲೆಸ್ ಕ್ರೋಮ್ (ಪರದೆಯಿಲ್ಲದೆ ಓಡುವ ಬ್ರೌಸರ್) ಕೂಡ ಇತ್ತು. ಅದು ಮೆಮೊರಿ ನುಂಗಿತು, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೆಮೊರಿ ಬಿಡಿಸಲು ಕ್ರೋಮ್ ಬಿಟ್ಟು ಪೋಸ್ಟ್‌ಗ್ರೆಸ್‌ನ ಪ್ರೊಸೆಸ್ ಒಂದನ್ನು ಕೊಂದಿತು. ಪೋಸ್ಟ್‌ಗ್ರೆಸ್ ರಿಕವರಿಗೆ ಹೋಗಿ ಎದ್ದು ಬಂದಾಗ ಅನ್‌ಲಾಗ್ಡ್ ಟೇಬಲ್ ಖಾಲಿ, ಅದರ ಸ್ವಭಾವವೇ ಅದು. ಬಳಕೆದಾರರೆಲ್ಲ ಒಮ್ಮೆಗೇ ಲಾಗೌಟ್. ಸೆಷನ್‌ಗಳು ಮಾಮೂಲಿ ಟೇಬಲ್‌ಗೆ ಮರಳಿದವು. ಪಿಡಿಎಫ್ ಮಾತ್ರ ಇಂದಿಗೂ ಬೇರೆ ಮಷೀನಿನಲ್ಲಿದೆ, 2 ಜಿಬಿಯ ಅಗ್ಗದ್ದು.